ಅಪ್‌ಡೇಟ್ ಆದ್ಮೇಲೆ ಮತ್ತೆ ‘ಸ್ವಾಗತ’: ಅಡಿಕೆ ಮಂಡಿ ಸಾಫ್ಟ್‌ವೇರ್ ಒಂದರ ಫಸ್ಟ್ ರನ್ ಪ್ರಕರಣ

ಶಿವಮೊಗ್ಗ ಕಡೆಯ ಒಂದು ಅಡಿಕೆ ಮಂಡಿ. ರೈತರು ತಂದ ಚೀಲದ ಲೆಕ್ಕ, ತೂಕ, ರೇಟು, ಪಟ್ಟಿ (ರೈತರಿಗೆ ಕೊಡೋ ಲೆಕ್ಕದ ಚೀಟಿ), ಖರೀದಿದಾರರಿಗೆ ಜಿಎಸ್‌ಟಿ ಬಿಲ್ಲು, ಎಲ್ಲಾ ಒಂದು ಸಣ್ಣ ಡೆಸ್ಕ್‌ಟಾಪ್ ಸಾಫ್ಟ್‌ವೇರಲ್ಲಿ. ಭಾಷೆ ಸಿ ಶಾರ್ಪ್, ಪರದೆಗಳು ಮೈಕ್ರೋಸಾಫ್ಟ್‌ನ ವಿನ್‌ಫಾರ್ಮ್ಸಲ್ಲಿ, ಡೇಟಾ ಪೂರ್ತಿ ಒಂದೇ ಎಸ್‌ಕ್ಯೂಲೈಟ್ (ಎಲ್ಲಾ ಟೇಬಲ್‌ಗಳನ್ನೂ ಒಂದೇ ಫೈಲಲ್ಲಿ ಇಡೋ ಪುಟ್ಟ ಡೇಟಾಬೇಸ್) ಫೈಲು. ಬರ್ದಿದ್ದ ಹುಡುಗ್ರು ಬೇರೆ ಕೆಲಸಕ್ಕೆ ಹೋಗಿದ್ರು, ಕೋಡ್ ನನ್ನ ಕೈಗೆ ಬಂದಿದ್ದು ಗಲಾಟೆ ಆದ್ಮೇಲೆ.

ಗಲಾಟೆ ಏನಂದ್ರೆ, ಬೆಳಗ್ಗೆ ಹೊಸ ವರ್ಷನ್ ಹಾಕಿದ್ರು, ಗುಮಾಸ್ತರು ಐಕಾನ್ ಒತ್ತಿದ್ರು, ‘ಸ್ವಾಗತ! ನಿಮ್ಮ ಅಂಗಡಿ ಹೆಸರು ಹಾಕಿ’ ಅಂತ ಬಂತು. ಹೊಸ ವರ್ಷನ್ ಅಲ್ವಾ, ಕೇಳ್ತಿದೆ ಅಂದ್ಕೊಂಡು ಹೆಸರು, ಜಿಎಸ್‌ಟಿ ನಂಬರ್ ತುಂಬಿ ನೆಕ್ಸ್ಟ್ ನೆಕ್ಸ್ಟ್ ಫಿನಿಶ್. ಒಳಗೆ ಹೋದ್ರೆ ರೈತರ ಖಾತೆ ಒಂದೂ ಇಲ್ಲ, ಬಾಕಿ ಇಲ್ಲ, ಹಿಂದಿನ ಪಟ್ಟಿ ಇಲ್ಲ. ಹೊರಗೆ ಲಾರಿ ಲೋಡ್ ಆಗ್ತಿತ್ತು, ಬಿಲ್ ಕೊಡ್ಲೇಬೇಕು, ಸೋ ಖಾಲಿ ಸಾಫ್ಟ್‌ವೇರಲ್ಲೇ ಬಿಲ್ ಹೊಡೆದ್ರು. ಅದು ಒಂದನೇ ನಂಬರಿಂದ ಶುರುವಾಯ್ತು. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ ನಂಬರ್ ಅನುಕ್ರಮವಾಗಿರ್ಬೇಕು, 16 ಅಕ್ಷರ ದಾಟಬಾರ್ದು, ಒಂದು ಹಣಕಾಸು ವರ್ಷದಲ್ಲಿ ಅದೇ ನಂಬರ್ ಎರಡ್ಸಲ ಬರ್ಬಾರ್ದು. ಇಲ್ಲಿ ಏಪ್ರಿಲ್‌ನ ಒಂದನೇ ಬಿಲ್ಲಿಗೆ ಅಣ್ಣತಮ್ಮ ಹುಟ್ಕೊಂಡ್ಬಿಟ್ಟಿದ್ದ.

ಡೇಟಾ ವಾಪಸ್ ಬಂದಿದ್ದು ಗುಮಾಸ್ತರ ಒಳ್ಳೇ ಅಭ್ಯಾಸದಿಂದ. ಅಂಗಡಿ ಮುಚ್ಚೋ ಮುಂಚೆ ಡೇಟಾಬೇಸ್ ಫೈಲನ್ನ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೋಗ್ತಿದ್ರು, ಯಾರೂ ಹೇಳಿಕೊಟ್ಟಿದ್ದಲ್ಲ. ಆ ಬೆಳಗಿನ ಬಿಲ್‌ಗಳನ್ನ ಆಡಿಟರ್ ಹತ್ರ ಕೇಳ್ಕೊಂಡು ಸರಿ ನಂಬರಲ್ಲಿ ಮತ್ತೆ ಹೊಡೆದು ಖರೀದಿದಾರರಿಗೆ ಬದಲಾಯಿಸಿ ಕೊಟ್ರು. ಸಾಹುಕಾರ್ರು ನನಗೆ ಕೇಳಿದ್ದು ಒಂದೇ ಪ್ರಶ್ನೆ, "ಅಲ್ಲ ಮಾರಾಯ್ರೇ, ಇಷ್ಟು ವರ್ಷ ದಿನಾ ಓಪನ್ ಮಾಡ್ತಿರೋ ಸಾಫ್ಟ್‌ವೇರ್‌ಗೆ ಇವತ್ತು ನಾವ್ಯಾರು ಅಂತ ಗೊತ್ತಿಲ್ವಾ?"

ಕೋಡ್ ತೆಗೆದು ನೋಡಿದ್ರೆ ಉತ್ತರ ಮೊದಲ ಪುಟದಲ್ಲೇ ಇತ್ತು. ಡಾಟ್‌ನೆಟ್‌ನ (ಸಿ ಶಾರ್ಪ್‌ನ ತಳಹದಿ) ಸೆಟ್ಟಿಂಗ್ಸ್ ಅಂತಾರಲ್ಲ, ಅದರಲ್ಲಿ ಫಸ್ಟ್‌ರನ್, ಅಂದ್ರೆ ‘ಮೊದಲ ಸಲ ಓಡ್ತಿದೆ’ ಅಂತ ಒಂದು ಬೂಲಿಯನ್ (ಟ್ರೂ ಇಲ್ಲಾ ಫಾಲ್ಸ್ ಅಷ್ಟೇ ಹೇಳೋ ಗುರುತು, ಫ್ಲ್ಯಾಗ್ ಅಂತಾರೆ), ಡೀಫಾಲ್ಟ್ ಟ್ರೂ. ಟ್ರೂ ಇದ್ರೆ ವಿಝಾರ್ಡ್ (ಆ ‘ಸ್ವಾಗತ’ದ ಪುಟಗಳು) ತೋರ್ಸು, ಖಾಲಿ ಟೆಂಪ್ಲೇಟ್ ಡೇಟಾಬೇಸ್ ಕಾಪಿ ಮಾಡು, ಆಮೇಲೆ ಫಾಲ್ಸ್ ಮಾಡಿ ಸೇವ್ ಮಾಡು. ಎಷ್ಟೋ ಟ್ಯುಟೋರಿಯಲ್‌ಗಳಲ್ಲಿ ಹೀಗೇ ಇರುತ್ತೆ, ನೋಡೋಕೆ ಸರಿಯಾಗೇ ಕಾಣುತ್ತೆ. ಆದ್ರೆ ಈ ಸೆಟ್ಟಿಂಗ್ಸ್ ಎಲ್ಲಿ ಕೂರುತ್ತೆ ಅಂದ್ರೆ ಆ ವಿಂಡೋಸ್ ಯೂಸರ್‌ನ ಆಪ್‌ಡೇಟಾ ಫೋಲ್ಡರ್, ಅದರೊಳಗೆ ಕಂಪನಿ ಹೆಸರು, ಅದರೊಳಗೆ ಎಕ್ಸಿ (ಪ್ರೋಗ್ರಾಂ ಫೈಲ್) ಹೆಸರಿಗೆ, ಅದು ಇರೋ ಜಾಗದಿಂದ ಲೆಕ್ಕ ಹಾಕಿದ ಹ್ಯಾಶ್ ಅನ್ನೋ ಅಕ್ಷರಗಳ ಬಾಲ ಅಂಟಿಸಿದ ಫೋಲ್ಡರ್, ಅದರೊಳಗೆ ವರ್ಷನ್ ನಂಬರ್‌ದೇ ಒಂದು ಫೋಲ್ಡರ್, ಅಲ್ಲಿ ಯೂಸರ್ ಡಾಟ್ ಕಾನ್ಫಿಗ್. ವರ್ಷನ್ ನಂಬರ್ ಬದಲಾದ್ರೆ ಹೊಸ ಫೋಲ್ಡರ್, ಹೊಸ ಫೈಲು, ಎಲ್ಲಾ ಡೀಫಾಲ್ಟ್‌ಗೆ ವಾಪಸ್. ಹಳೇ ವರ್ಷನ್‌ದು ಬೇಕಂದ್ರೆ ಅಪ್‌ಗ್ರೇಡ್ ಅನ್ನೋ ಮೆಥಡ್ ನಾವೇ ಕರೀಬೇಕು, ತಾನಾಗೇ ಆಗಲ್ಲ. ಇವರು ಕರ್ದಿರ್ಲಿಲ್ಲ. ಮುಂಚಿನ ಬಿಲ್ಡ್‌ಗಳಲ್ಲಿ ವರ್ಷನ್ ನಂಬರ್ ಯಾರೂ ಮುಟ್ಟಿರ್ಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಅಲ್ಲಿವರೆಗೂ ಬಚಾವ್ ಆಗಿದ್ರು, ಈ ಸಲ ಯಾರೋ ಶಿಸ್ತಾಗಿ ನಂಬರ್ ಏರಿಸಿದ್ರು, ಮುಗೀತು.

ಇದಕ್ಕೆ ಸೇರ್ಕೊಂಡಿದ್ದು ಕಾಪಿ ಮಾಡೋ ಸಾಲು. ಫೈಲ್ ಡಾಟ್ ಕಾಪಿಗೆ ಮೂರನೇ ಪ್ಯಾರಾಮೀಟರ್ ಟ್ರೂ ಕೊಟ್ಟಿದ್ರು, ಅಂದ್ರೆ ಅಲ್ಲಿ ಆಗ್ಲೇ ಫೈಲ್ ಇದ್ರೆ ಅದರ ಮೇಲೇ ಬರಿ ಅಂತ. ಡಿಲೀಟ್ ಅಲ್ಲ ಇದು, ಸೋ ರೀಸೈಕಲ್ ಬಿನ್ನಲ್ಲೂ ಏನೂ ಸಿಗಲ್ಲ.

ಅಪ್‌ಗ್ರೇಡ್ ಮೆಥಡ್ ಒಂದು ಸಾಲು ಸೇರ್ಸಿದ್ರೆ ಮುಗೀತಲ್ಲ ಅಂತ ಒಬ್ಬ ಗೆಳೆಯ ಹೇಳಿದ. ಮುಗಿಯಲ್ಲ. ಅದೇ ಕಂಪ್ಯೂಟರಲ್ಲಿ ಇನ್ನೊಂದು ವಿಂಡೋಸ್ ಅಕೌಂಟಿಂದ ಲಾಗಿನ್ ಆದ್ರೆ ಫ್ಲ್ಯಾಗ್ ಮತ್ತೆ ಟ್ರೂ. ಎಕ್ಸಿ ಬೇರೆ ಫೋಲ್ಡರ್‌ಗೆ ಹೋದ್ರೆ ಹ್ಯಾಶ್ ಬದಲಾಗುತ್ತೆ, ಅಪ್‌ಗ್ರೇಡ್‌ಗೂ ಹಳೇದು ಸಿಗಲ್ಲ. ಹೊಸ ಕಂಪ್ಯೂಟರ್ ತಗೊಂಡು ಪೆನ್‌ಡ್ರೈವ್‌ನಿಂದ ಡೇಟಾ ಹಾಕಿ ಓಪನ್ ಮಾಡಿದ್ರೆ ಡೇಟಾ ಇದೆ, ಫ್ಲ್ಯಾಗ್ ‘ಮೊದಲ ಸಲ’ ಅನ್ನುತ್ತೆ. ಉಲ್ಟಾನೂ ಆಗುತ್ತೆ, ಫ್ಲ್ಯಾಗ್ ‘ಸೆಟಪ್ ಆಗಿದೆ’ ಅನ್ನುತ್ತೆ, ಫೈಲೇ ಇಲ್ಲ. ಫ್ಲ್ಯಾಗ್ ಒಂದ್ಕಡೆ, ಅದು ಸಾಕ್ಷಿ ಹೇಳ್ಬೇಕಾದ ವಸ್ತು ಇನ್ನೊಂದ್ಕಡೆ ಇರೋವರೆಗೂ ಇವೆರಡು ಎಂದೋ ಒಂದಿನ ಜಗಳ ಆಡೇ ಆಡ್ತವೆ. ಕ್ರೋಮ್ ಕೂಡ ಫಸ್ಟ್ ರನ್ ಅಂತ ಒಂದು ಗುರುತು ಫೈಲ್ ಇಡುತ್ತೆ, ಆದ್ರೆ ಅದನ್ನ ಪ್ರೊಫೈಲ್‌ಗಳು ಇರೋ ಯೂಸರ್ ಡೇಟಾ ಫೋಲ್ಡರಲ್ಲೇ ಇಡುತ್ತೆ, ಫೋಲ್ಡರ್ ಹೋದ್ರೆ ಗುರುತೂ ಹೋಗುತ್ತೆ. ಇನ್ನು ಮೈಕ್ರೋಸಾಫ್ಟ್‌ನ ಇನ್‌ಸ್ಟಾಲ್ ವ್ಯವಸ್ಥೆ ಕ್ಲಿಕ್‌ಒನ್ಸ್‌ನಲ್ಲಿ ಈಸ್‌ಫಸ್ಟ್‌ರನ್ ಅಂತ ರೆಡಿಮೇಡ್ ಪ್ರಾಪರ್ಟಿನೇ ಇದೆ, ಪ್ರತಿ ಹೊಸ ವರ್ಷನ್‌ಗೂ ಅದು ಮತ್ತೆ ಟ್ರೂ ಆಗುತ್ತೆ, ಡಾಕ್ಯುಮೆಂಟೇಶನಲ್ಲಿ ನೆಟ್ಟಗೆ ಬರ್ದಿದ್ದಾರೆ, ಓದೋರು ಕಮ್ಮಿ ಅಷ್ಟೇ.

ಹಾಗಾಗಿ ‘ಇದು ಮೊದಲ ಸಲವಾ?’ ಅನ್ನೋ ಪ್ರಶ್ನೆಯನ್ನೇ ಕೋಡಿಂದ ತೆಗೀಬೇಕು ಅಂತ ತೀರ್ಮಾನಕ್ಕೆ ಬಂದೆ. ಯಾರಿಗೆ ಮೊದಲ ಸಲ? ಕಂಪ್ಯೂಟರ್‌ಗಾ, ಈ ಯೂಸರ್‌ಗಾ, ಈ ಮಂಡಿಯ ಲೆಕ್ಕಕ್ಕಾ? ಮೂರೂ ಬೇರೆ ಬೇರೆ ದಿನ ಆಗ್ಬಹುದು.

ಇನ್ನೂ ಕೆದಕ್ತಾ ಹೋದಾಗ ಇನ್ನೊಂದು ವಿಚಿತ್ರ ಕಾಣ್ತು. ಗುಮಾಸ್ತರು ದಿನಾ ಈ ಸಾಫ್ಟ್‌ವೇರನ್ನ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆಗಿ ತೆಗೀತಿದ್ರು, ಅಡ್ಮಿನ್ ಪಾಸ್‌ವರ್ಡ್ ಮಾನಿಟರ್ ಪಕ್ಕ ಚೀಟೀಲಿ ಅಂಟಿಸಿತ್ತು. ಯಾಕೆ ಅಂತ ಹಿಂದೆ ಹಿಂದೆ ಹೋದ್ರೆ ಬುಡದಲ್ಲಿ ಸಿಕ್ಕಿದ್ದು ಒಂದು ಕನ್ನಡ ಫಾಂಟು! ಮೊದಲ ಲಾಂಚಲ್ಲಿ ಆ್ಯಪ್ ಒಂದು ಫಾಂಟ್ ಫೈಲನ್ನ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ಗೆ ಹಾಕೋಕೆ ನೋಡ್ತಿತ್ತು, ಅದಕ್ಕೆ ಅಡ್ಮಿನ್ ಬೇಕು. ಹಾರ್ಡ್‌ವೇರ್ ಹುಡುಗ ಅಡ್ಮಿನ್ ಅಕೌಂಟಲ್ಲಿ ಲಾಗಿನ್ ಆಗಿ ಇನ್‌ಸ್ಟಾಲ್ ಮಾಡಿ, ಒಂದ್ಸಲ ಓಪನ್ ಮಾಡಿ ‘ಬಂತು ಸಾರ್’ ಅಂತ ತೋರ್ಸಿ ಹೋಗಿದ್ದ. ಆ ಮೊದಲ ಓಪನಲ್ಲೇ ಡೇಟಾಬೇಸ್ ಫೈಲೂ ಪ್ರೋಗ್ರಾಂಡೇಟಾ (ಎಲ್ಲಾ ಯೂಸರ್‌ಗೂ ಸೇರಿದ) ಫೋಲ್ಡರಲ್ಲಿ ಹುಟ್ಟಿತ್ತು, ಅಡ್ಮಿನ್ ಒಡೆತನದಲ್ಲಿ. ಆ ಫೋಲ್ಡರ್‌ನ ಡೀಫಾಲ್ಟ್ ಪರ್ಮಿಷನ್ ಹೇಗಂದ್ರೆ ಸಾಮಾನ್ಯ ಯೂಸರ್ ಹೊಸ ಫೈಲ್ ಮಾಡ್ಬಹುದು, ಬೇರೆಯವರ ಫೈಲ್ ಓದ್ಬಹುದು, ಆದ್ರೆ ಬೇರೆಯವರ ಫೈಲಿಗೆ ಬರೆಯೋ ಹಂಗಿಲ್ಲ. ಸೋ ಗುಮಾಸ್ತರ ಅಕೌಂಟಲ್ಲಿ ಎಲ್ಲಾ ಚೆನ್ನಾಗಿ ಕಾಣೋದು, ಮೊದಲ ಪಟ್ಟಿ ಸೇವ್ ಮಾಡಿದ ತಕ್ಷಣ ‘ರೀಡ್‌ಓನ್ಲಿ ಡೇಟಾಬೇಸ್’ ಅಂತ ಎಸ್‌ಕ್ಯೂಲೈಟ್ ಬೈಯೋದು. ಫೋನ್ ಮಾಡಿದ್ರೆ ಹಾರ್ಡ್‌ವೇರ್ ಹುಡುಗ ಬಂದು ಶಾರ್ಟ್‌ಕಟ್ ಪ್ರಾಪರ್ಟೀಸಲ್ಲಿ ಅಡ್ಮಿನ್ ಟಿಕ್ ಹಾಕಿ ಹೋದ. ಅವನದ್ದೂ ತಪ್ಪಿಲ್ಲ ಬಿಡಿ, ಅವನ ಕೈಲಿದ್ದ ಸ್ಪ್ಯಾನರ್ ಅದೊಂದೇ.

ಮಜಾ ಏನಂದ್ರೆ ಆ ಫಾಂಟ್ ಬೇಕಾಗೇ ಇರ್ಲಿಲ್ಲ. ಯೂನಿಕೋಡ್ ಕನ್ನಡಕ್ಕೆ ವಿಂಡೋಸಲ್ಲಿ ಮುಂಚಿಂದ ತುಂಗಾ ಇತ್ತು, ವಿಂಡೋಸ್ 8ರಿಂದ ನಿರ್ಮಲಾ ಯುಐ ಇದೆ. ಬಿಲ್ಲಿನ ತಲೆಬರಹ ಮಾತ್ರ ದಪ್ಪ ಅಲಂಕಾರದ ಅಕ್ಷರದಲ್ಲೇ ಬೇಕು ಅಂತ ಸಾಹುಕಾರ್ರ ಹಠ, ಸರಿ, ಅದಕ್ಕೆ ಫಾಂಟ್ ಫೈಲನ್ನ ಆ್ಯಪ್ ಜೊತೆಗೇ ಇಟ್ಕೊಂಡು ಲಾಂಚ್ ಆದಾಗ ಆ ಪ್ರೋಸೆಸ್‌ಗೆ ಮಾತ್ರ ಪ್ರೈವೇಟ್ ಆಗಿ ಲೋಡ್ ಮಾಡ್ಕೊಂಡ್ರಾಯ್ತು. ವಿಂಡೋಸಲ್ಲಿ ಅದಕ್ಕೆ ಆ್ಯಡ್‌ಫಾಂಟ್‌ರಿಸೋರ್ಸ್‌ಇಎಕ್ಸ್ ಅಂತ ಕಾಲ್ ಇದೆ, ಪ್ರೈವೇಟ್ ಫ್ಲ್ಯಾಗ್ ಕೊಟ್ರೆ ಅಡ್ಮಿನ್ ಕೇಳಲ್ಲ, ಆ್ಯಪ್ ಮುಚ್ಚಿದ ಮೇಲೆ ಫಾಂಟೂ ಇರಲ್ಲ. ಒಂದು ಸೆಟಪ್ ಕೆಲಸವೇ ಮಾಯ. ಫಸ್ಟ್ ರನ್ ಕೆಲಸಗಳ ಲಿಸ್ಟಿಗೆ ಏನನ್ನಾದ್ರೂ ಸೇರ್ಸೋ ಮುಂಚೆ ಇದು ಇಲ್ದೇನೇ ನಡೆಯುತ್ತಾ ಅಂತ ನೋಡೋದು ನನ್ನ ಪ್ರಕಾರ ಅರ್ಧ ಕೆಲಸ.

ಉಳಿದಿದ್ದನ್ನ ಮೂರು ಪಾಲು ಮಾಡಿದೆ. ಅಡ್ಮಿನ್ ಬೇಕಾಗೋದೆಲ್ಲಾ ಇನ್‌ಸ್ಟಾಲರ್ ತಲೆಗೆ: ಪ್ರೋಗ್ರಾಂಡೇಟಾದಲ್ಲಿ ಫೋಲ್ಡರ್ ಮಾಡಿ ಎಲ್ಲಾ ಯೂಸರ್‌ಗೂ ಬರೆಯೋ ಹಕ್ಕು ಕೊಡೋದು ಅದರಲ್ಲಿ ಮುಖ್ಯ, ಇನ್ನೋ ಸೆಟಪ್ ಅನ್ನೋ ಇನ್‌ಸ್ಟಾಲರ್ ಮಾಡೋ ಟೂಲಲ್ಲಿ ಡಿರ್ಸ್ ಸೆಕ್ಷನಲ್ಲಿ ಯೂಸರ್ಸ್-ಮಾಡಿಫೈ ಅಂತ ಬರೆದ್ರೆ ಆಯ್ತು. ಈ ಯೂಸರ್‌ಗೆ ಸೇರಿದ್ದು, ಅಂದ್ರೆ ವಿಂಡೋ ಸೈಜು, ಪ್ರಿಂಟರ್ ಆಯ್ಕೆ ಇಂಥವು, ಆಪ್‌ಡೇಟಾದಲ್ಲೇ ಇರ್ಲಿ, ಇಲ್ಲ ಅಂದ್ರೆ ಡೀಫಾಲ್ಟ್ ತಗೊಂಡು ಸುಮ್ನೆ ಮುಂದೆ ಹೋಗ್ಲಿ, ಯಾರನ್ನೂ ಕೇಳೋದು ಬೇಡ. ಮಂಡಿಯ ಲೆಕ್ಕಕ್ಕೆ ಸೇರಿದ್ದು ಡೇಟಾಬೇಸ್ ಒಳಗೇ ಇರ್ಬೇಕು, ‘ಸೆಟಪ್ ಎಲ್ಲಿವರೆಗೆ ಆಗಿದೆ’ ಅನ್ನೋ ಗುರುತೂ ಸೇರಿ. ಪೆನ್‌ಡ್ರೈವ್‌ಗೆ ಫೈಲ್ ಹೋದ್ರೆ ಗುರುತೂ ಜೊತೆಗೆ ಹೋಗುತ್ತೆ, ವಾಪಸ್ ಬಂದ್ರೆ ಬರುತ್ತೆ.

ಆ ಗುರುತಿಗೆ ಎಸ್‌ಕ್ಯೂಲೈಟಲ್ಲೇ ಜಾಗ ಇದೆ, ಪ್ರಾಗ್ಮಾ ಯೂಸರ್ ವರ್ಷನ್. ಫೈಲ್‌ನ ಹೆಡರ್‌ನಲ್ಲಿ 4 ಬೈಟಿನ ಒಂದು ಸಂಖ್ಯೆ, ಎಸ್‌ಕ್ಯೂಲೈಟ್ ತಾನಾಗಿ ಅದನ್ನ ಯಾವುದಕ್ಕೂ ಬಳಸಲ್ಲ, ನಮಗೇ ಬಿಟ್ಟಿದ್ದು. ಪ್ರತಿ ಸೆಟಪ್ ಹಂತಕ್ಕೂ ಒಂದು ನಂಬರ್. ಲಾಂಚ್ ಆದಾಗ ಫೈಲ್‌ನಲ್ಲಿರೋ ನಂಬರ್ ಓದು, ಅದಕ್ಕಿಂತ ದೊಡ್ಡ ನಂಬರಿನ ಹಂತಗಳನ್ನ ಸಾಲಾಗಿ ಓಡಿಸು, ಪ್ರತಿ ಹಂತವನ್ನೂ ನಂಬರ್ ಏರಿಸೋದನ್ನೂ ಒಂದೇ ಟ್ರಾನ್ಸಾಕ್ಷನ್ (ಆದ್ರೆ ಪೂರ್ತಿ, ಇಲ್ಲಾಂದ್ರೆ ಏನೂ ಇಲ್ಲ ಅನ್ನೋ ಕಟ್ಟು) ಒಳಗೆ ಇಡು. ಎಸ್‌ಕ್ಯೂಲೈಟಲ್ಲಿ ಟೇಬಲ್ ಮಾಡೋದೂ ರೋಲ್‌ಬ್ಯಾಕ್ ಆಗುತ್ತೆ, ಅಂದ್ರೆ ಮುಂಚಿನ ಸ್ಥಿತಿಗೆ ವಾಪಸ್ ಹೋಗುತ್ತೆ, ಹಾಗಾಗಿ ನಡುವೆ ಕರೆಂಟ್ ಹೋದ್ರೂ (ಮಲೆನಾಡಿನ ಮಳೆಗಾಲ, ಹೋಗೇ ಹೋಗುತ್ತೆ) ಆ ಹಂತ ಪೂರ್ತಿ ಆಗಿರುತ್ತೆ ಇಲ್ಲಾಂದ್ರೆ ಆಗೇ ಇರಲ್ಲ. ಹೊಚ್ಚ ಹೊಸ ಮಂಡಿಗೂ ಹಳೇ ಮಂಡಿಯ ಅಪ್‌ಡೇಟ್‌ಗೂ ಒಂದೇ ದಾರಿ, ಹೊಸಬ್ರಿಗೆ ಸೊನ್ನೆಯಿಂದ ಶುರು, ಅಷ್ಟೇ ವ್ಯತ್ಯಾಸ. ಒಂದು ಸಿಕ್ಕು ಮಾತ್ರ ಇತ್ತು: ಹಳೇ ಕೋಡ್ ಈ ನಂಬರನ್ನ ಮುಟ್ಟೇ ಇರ್ಲಿಲ್ಲ, ಸೋ ವರ್ಷಗಟ್ಲೆ ಲೆಕ್ಕ ಇರೋ ಫೈಲಲ್ಲೂ ಸೊನ್ನೆ, ಖಾಲಿ ಫೈಲಲ್ಲೂ ಸೊನ್ನೆ. ಅದಕ್ಕೆ ಸೊನ್ನೆ ಕಂಡ್ರೆ ಟೇಬಲ್‌ಗಳು ಇದಾವಾ ನೋಡು, ಇದ್ರೆ ಅದನ್ನ ಒಂದನೇ ಹಂತ ಮುಗಿಸಿದ್ದು ಅಂತ ತಗೋ ಅಂತ ಬರೆದೆ.

ಈಗ ‘ರಾಶಿ’ ವಿಷಯಕ್ಕೆ ಬರ್ತೀನಿ, ತಲೆ ಜಾಸ್ತಿ ತಿಂದಿದ್ದು ಇದೇ. ಅಡಿಕೆ ದರ್ಜೆಗಳ ಲಿಸ್ಟಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲಾ ಎರಡೆರಡು ಸಲ ಇತ್ತು. ಪಟ್ಟಿ ಮಾಡುವಾಗ ಯಾವ ರಾಶಿ ಒತ್ತಬೇಕು ಅಂತ ಗುಮಾಸ್ತರಿಗೆ ಗೊತ್ತಿಲ್ಲ, ಒಂದಿನ ಮೇಲಿಂದು, ಒಂದಿನ ಕೆಳಗಿಂದು. ತಿಂಗಳ ಕೊನೆಗೆ ರಾಶಿ ಎಷ್ಟು ಕ್ವಿಂಟಾಲ್ ಬಂತು ಅಂತ ರಿಪೋರ್ಟ್ ತೆಗೆದ್ರೆ ಅರ್ಧ ಅಲ್ಲಿ ಅರ್ಧ ಇಲ್ಲಿ, ಗುಮಾಸ್ತರು ಎರಡನ್ನೂ ಕ್ಯಾಲ್ಕುಲೇಟರಲ್ಲಿ ಕೂಡಿಸಿ ಬರ್ಕೊಳ್ತಿದ್ರು, ಅದನ್ನ ಕಂಪ್ಲೇಂಟ್ ಅಂತಾನೂ ಯಾರಿಗೂ ಹೇಳಿರ್ಲಿಲ್ಲ. ಹೇಗೆ ಆಯ್ತು ಅಂದ್ರೆ ಹಳೇ ಕೋಡ್ ಈ ಎಲ್ಲಾ ಕೆಲಸವನ್ನೂ ವಿಂಡೋ ಕಾಣಿಸೋ ಮುಂಚೆ, ಫಾರ್ಮ್‌ನ ಕನ್‌ಸ್ಟ್ರಕ್ಟರ್ ಒಳಗೇ ಮಾಡ್ತಿತ್ತು. ನಿಧಾನದ ಹಾರ್ಡ್‌ಡಿಸ್ಕು, ಡಬಲ್ ಕ್ಲಿಕ್ ಮಾಡಿದ್ರೆ ಎಷ್ಟೊತ್ತಾದ್ರೂ ಏನೂ ಕಾಣಲ್ಲ, ಯಾರೇ ಆಗ್ಲಿ ಇನ್ನೊಂದ್ಸಲ ಒತ್ತೇ ಒತ್ತಾರೆ. ಎರಡು ಕಾಪಿ ಎದ್ದವು, ಎರಡೂ ‘ಟೇಬಲ್ ಖಾಲಿ ಇದೆ’ ಅಂತ ನೋಡಿದವು, ಎರಡೂ ದರ್ಜೆಗಳನ್ನ ತುಂಬಿದವು.

ಯೂನೀಕ್ ಇಂಡೆಕ್ಸ್ (ಒಂದೇ ಹೆಸರು ಎರಡ್ಸಲ ಬರದ ಹಾಗೆ ಡೇಟಾಬೇಸೇ ತಡೆಯೋ ಕಟ್ಟು) ಹಾಕಿದ್ರೆ ಮುಂದೆ ಹೀಗಾಗಲ್ಲ, ಆದ್ರೆ ಈಗ ಡೂಪ್ಲಿಕೇಟ್ ಇರೋದ್ರಿಂದ ಇಂಡೆಕ್ಸೇ ಕೂರಲ್ಲ. ಸುಮ್ನೆ ಒಂದನ್ನ ಡಿಲೀಟ್ ಮಾಡೋ ಹಂಗೂ ಇಲ್ಲ, ಎರಡೂ ಐಡಿಗೂ ಪಟ್ಟಿಗಳು ಜೋತ್ಕೊಂಡಿವೆ. ಹಾಗಾಗಿ ಇದಕ್ಕೇ ಒಂದು ಸೆಟಪ್ ಹಂತ ಮಾಡಿ, ಅದರಲ್ಲಿ ಒಂದೇ ಹೆಸರಿನವುಗಳಲ್ಲಿ ಚಿಕ್ಕ ಐಡಿ ಇರೋದನ್ನ ಉಳಿಸ್ಕೊಂಡು, ದೊಡ್ಡ ಐಡಿಯ ಪಟ್ಟಿಗಳನ್ನೆಲ್ಲಾ ಅದರ ಕಡೆ ತಿರುಗಿಸಿ, ಆಮೇಲೆ ದೊಡ್ಡದನ್ನ ತೆಗೆದು, ಕೊನೆಗೆ ಇಂಡೆಕ್ಸ್, ಎಲ್ಲಾ ಒಂದೇ ಟ್ರಾನ್ಸಾಕ್ಷನಲ್ಲಿ. ಓಡಿಸೋ ಮುಂಚೆ ಮತ್ತು ಆದ್ಮೇಲೆ ಒಟ್ಟು ಕ್ವಿಂಟಾಲ್ ಕೂಡಿಸಿ ಹೋಲಿಸಿ, ಒಂದು ಕೆಜಿ ಹೆಚ್ಚುಕಮ್ಮಿ ಆದ್ರೂ ರೋಲ್‌ಬ್ಯಾಕ್ ಅಂತ ಇಟ್ಟೆ.

‘ಇಲ್ಲದಿದ್ರೆ ಸೇರ್ಸು’ ಅಂತ ಪ್ರತಿ ಲಾಂಚಲ್ಲೂ ಚೆಕ್ ಮಾಡಿದ್ರೆ ಈ ನಂಬರ್ ಲೆಕ್ಕ ಎಲ್ಲಾ ಯಾಕೆ, ಅದೇ ಸರಳ ಅಲ್ವಾ ಅಂತ ಕೇಳ್ಬಹುದು. ಫೋಲ್ಡರ್‌ಗೆ, ಇಂಡೆಕ್ಸ್‌ಗೆ ಅದೇ ಸರಿ, ಅವು ಯಾವಾಗ್ಲೂ ಇರ್ಲೇಬೇಕು. ದರ್ಜೆಗಳಿಗೆ ಆಗಲ್ಲ. ಮೊದಲು ತುಂಬೋ ದರ್ಜೆಗಳಲ್ಲಿ ಶಿರಸಿ ಕಡೆಯ ಚಾಲಿ, ಬಿಳೆಗೋಟು, ಕೆಂಪುಗೋಟೂ ಇದ್ವು, ಈ ಮಂಡೀಲಿ ಅವು ಬರಲ್ಲ ಅಂತ ಗುಮಾಸ್ತರು ಅಳಿಸಿದ್ರು. ಇಲ್ಲದಿದ್ರೆ ಸೇರ್ಸು ಅಂದ್ರೆ ದಿನಾ ಬೆಳಗ್ಗೆ ಬಿಳೆಗೋಟು ಎದ್ದು ಕೂರುತ್ತೆ. ಶುರುವಿನಲ್ಲಿ ಒಂದ್ಸಲ ಕೊಟ್ಟು ಆಮೇಲೆ ಯೂಸರ್ ಕೈಗೆ ಬಿಟ್ಟಿದ್ದನ್ನ ಆ್ಯಪ್ ಮತ್ತೆ ಮುಟ್ಟಬಾರ್ದು.

ಲಾಂಚ್‌ನ ಕ್ರಮ ಈಗ ಹೀಗಿದೆ. ಮೊದ್ಲು ಮ್ಯೂಟೆಕ್ಸ್ (ಒಂದ್ಸಲಕ್ಕೆ ಒಂದೇ ಕಾಪಿ ಓಡ್ಲಿ ಅನ್ನೋ ಬೀಗ), ಇನ್ನೊಂದು ಕಾಪಿ ಓಡ್ತಿದ್ರೆ ಅದರ ವಿಂಡೋನೇ ಮುಂದೆ ತಂದು ಇದು ಮುಚ್ಚಿಕೊಳ್ಳುತ್ತೆ. ಆಮೇಲೆ ತಕ್ಷಣ ವಿಂಡೋ ತೋರ್ಸು, ವಿಂಡೋ ಕಾಣಿಸ್ತು ಅನ್ನೋ ಶೋನ್ ಇವೆಂಟ್ ಬಂದ್ಮೇಲೆ ಹಿನ್ನೆಲೆಯ ಥ್ರೆಡ್ಡಲ್ಲಿ ಹಂತಗಳು, ಅಲ್ಲಿವರೆಗೂ ಬಟನ್‌ಗಳು ಮಂಕು. ಮ್ಯೂಟೆಕ್ಸ್ ಅನ್ನೋದು ಮರ್ಯಾದೆಗೆ ಮಾತ್ರ, ನಿಜವಾದ ಬೀಗ ಡೇಟಾಬೇಸಲ್ಲೇ: ಬಿಗಿನ್ ಇಮ್ಮಿಡಿಯೇಟ್ ಅಂತ ಶುರು ಮಾಡಿ, ಬರೆಯೋ ಲಾಕ್ ಕೈಗೆ ಬಂದ್ಮೇಲೆ ನಂಬರನ್ನ ಇನ್ನೊಂದ್ಸಲ ಓದ್ಬೇಕು, ಅಷ್ಟರಲ್ಲಿ ಇನ್ಯಾರೋ ಆ ಹಂತ ಮುಗಿಸಿರ್ಬಹುದು. ಹಳೇ ಲೆಕ್ಕ ಇರೋ ಫೈಲ್ ಆಗಿದ್ರೆ ಯಾವ ಹಂತಕ್ಕೂ ಮುಂಚೆ ವ್ಯಾಕ್ಯೂಮ್ ಇಂಟು ಕಮಾಂಡಿಂದ ಪಕ್ಕದಲ್ಲಿ ಒಂದು ಪೂರ್ತಿ ಕಾಪಿ (ಎಸ್‌ಕ್ಯೂಲೈಟ್ 3.27ರಿಂದ ಇದೆ, 2019ರದ್ದು). ಓಡ್ತಿರೋ ಡೇಟಾಬೇಸನ್ನ ಎಕ್ಸ್‌ಪ್ಲೋರರಲ್ಲಿ ಕಾಪಿ ಪೇಸ್ಟ್ ಮಾಡಿದ್ರೆ ಜರ್ನಲ್ ಫೈಲ್ (ನಡೀತಿರೋ ಬದಲಾವಣೆಗಳ ದಾಖಲೆ) ಹಿಂದೆ ಉಳಿದು ಕಾಪಿ ಕೆಟ್ಟಿರ್ಬಹುದು, ಇದರಲ್ಲಿ ಆ ಭಯ ಇಲ್ಲ. ಪರದೆ ಮೇಲೆ ಮುಂಚೆ ‘ಇನಿಷಿಯಲೈಸಿಂಗ್’ ಅಂತ ಬರ್ತಿತ್ತು, ಈಗ ‘ಹಳೇ ಲೆಕ್ಕ ಹೊಸ ವರ್ಷನ್‌ಗೆ ಹೊಂದಿಸ್ತಾ ಇದೆ, ಕಂಪ್ಯೂಟರ್ ಆಫ್ ಮಾಡ್ಬೇಡಿ’ ಅಂತ ಬರುತ್ತೆ.

ಫೈಲೇ ಸಿಗದಿದ್ರೆ? ಹಳೇ ಕೋಡ್‌ಗೆ ಅದು ಗೊತ್ತೇ ಆಗ್ತಿರ್ಲಿಲ್ಲ, ಯಾಕಂದ್ರೆ ಎಸ್‌ಕ್ಯೂಲೈಟ್ ಲೈಬ್ರರಿಗಳು ಸಾಮಾನ್ಯವಾಗಿ ಫೈಲ್ ಇಲ್ಲಾಂದ್ರೆ ಖಾಲಿ ಒಂದನ್ನ ಸದ್ದಿಲ್ದೇ ಮಾಡಿ ಕೊಡ್ತವೆ. ಕನೆಕ್ಷನ್ ಸ್ಟ್ರಿಂಗಲ್ಲಿ ಫೇಲ್‌ಇಫ್‌ಮಿಸ್ಸಿಂಗ್ ಟ್ರೂ ಹಾಕಿ ಅದನ್ನ ನಿಲ್ಲಿಸಿದೆ. ಫೋಲ್ಡರಲ್ಲಿ ಒಂದು ಚಿಕ್ಕ ಗುರುತು ಫೈಲ್ ಇರುತ್ತೆ, ‘ಈ ಹೆಸರಿನ ಮಂಡಿಯ ಡೇಟಾ ಈ ಜಾಗದಲ್ಲಿತ್ತು’ ಅಂತ. ಹಂಗಾದ್ರೆ ನೀನೂ ಫ್ಲ್ಯಾಗ್ ಇಟ್ಟೆಯಲ್ಲ ಅನ್ಬೇಡಿ, ಇದಕ್ಕೆ ಏನನ್ನೂ ಮಾಡಿಸೋ ಅಧಿಕಾರ ಇಲ್ಲ, ತಡೆಯೋಕೆ ಮಾತ್ರ. ಗುರುತಿದೆ, ಡೇಟಾ ಇಲ್ಲ ಅಂದ್ರೆ ಸ್ವಾಗತ ಇಲ್ಲ. ‘ಹಳೇ ಲೆಕ್ಕದ ಫೈಲ್ ಸಿಗ್ತಿಲ್ಲ’ ಅಂತ ಹೇಳಿ, ಹುಡುಕೋದಾ, ಬ್ಯಾಕಪ್‌ನಿಂದ ತರೋದಾ, ನಿಜವಾಗ್ಲೂ ಹೊಸದಾಗಿ ಶುರು ಮಾಡೋದಾ ಅಂತ ಕೇಳುತ್ತೆ. ಮೂರನೇದಕ್ಕೆ ಮಂಡಿ ಹೆಸರನ್ನ ಕೈಯಾರೆ ಟೈಪ್ ಮಾಡ್ಬೇಕು, ನೆಕ್ಸ್ಟ್ ನೆಕ್ಸ್ಟ್ ನಡೆಯಲ್ಲ.

ವಿಝಾರ್ಡ್ ಒಂದೇ ಪುಟಕ್ಕೆ ಇಳೀತು. ಹೆಸರು, ಜಿಎಸ್‌ಟಿ ನಂಬರ್ (15 ಅಕ್ಷರ ಇದೆಯಾ, ಕರ್ನಾಟಕದ 29ರಿಂದ ಶುರುವಾಗುತ್ತಾ ಅಂತ ಅಲ್ಲೇ ನೋಡುತ್ತೆ), ಮತ್ತೆ ಮುಂಚೆ ಇಲ್ಲದೇ ಇದ್ದ ಒಂದು ಪ್ರಶ್ನೆ, ‘ಈ ವರ್ಷ ಕೊನೆಯ ಬಿಲ್ ನಂಬರ್ ಎಷ್ಟು?’ ವರ್ಷದ ನಡುವೆ ಬೇರೆ ಸಾಫ್ಟ್‌ವೇರಿಂದ ಬರೋರೇ ಜಾಸ್ತಿ, ಅವರಿಗೆ ಒಂದರಿಂದ ಶುರು ಮಾಡಿಸೋದು ತಪ್ಪು. ಪ್ರಿಂಟರ್ ಯಾವುದು ಅಂತ ಮೊದಲ ಪ್ರಿಂಟ್ ಕೊಟ್ಟಾಗ ಕೇಳಿದ್ರೆ ಸಾಕು, ಇನ್‌ಸ್ಟಾಲ್ ದಿನ ಎಷ್ಟೋ ಸಲ ಪ್ರಿಂಟರ್ ಕೇಬಲ್ಲೇ ಹಾಕಿರಲ್ಲ.

ಏಪ್ರಿಲ್ 1ರ ಕೆಲಸವೂ ಲಾಂಚಿಂದ ಆಚೆ ಹೋಯ್ತು. ಮುಂಚೆ ‘ಇವತ್ತು ಏಪ್ರಿಲ್ 1 ಆಗಿದ್ರೆ ಬಿಲ್ ನಂಬರ್ ಒಂದಕ್ಕೆ ತಾ’ ಅಂತಿತ್ತು, ಅವತ್ತು ಅಂಗಡಿ ರಜಾ ಇದ್ರೆ ಕಥೆ ಮುಗೀತು, ಅವತ್ತು ಎರಡ್ಸಲ ಓಪನ್ ಮಾಡಿದ್ರೂ ಮುಗೀತು. ಈಗ ಬಿಲ್ಲಿನ ತಾರೀಕಿಂದ ಹಣಕಾಸು ವರ್ಷ ಲೆಕ್ಕ ಹಾಕಿ, ಆ ವರ್ಷದ ಸರಣಿಯಲ್ಲಿ ಮುಂದಿನ ನಂಬರ್ ತಗೊಳ್ಳುತ್ತೆ.

ಟೆಸ್ಟಿಂಗ್ ಬಗ್ಗೆ ಒಂದು ಮಾತು: ಡೆವಲಪರ್ ಮಷೀನಲ್ಲಿ ಯಾವತ್ತೂ ಹೊಸಬ್ರ ಅನುಭವ ಬರಲ್ಲ, ಅಲ್ಲಿ ಫಾಂಟು, ಫೋಲ್ಡರು, ಅಡ್ಮಿನ್ ಹಕ್ಕು ಎಲ್ಲಾ ಆಗ್ಲೇ ಇರುತ್ತೆ. ವಿಂಡೋಸ್ ಪ್ರೊದಲ್ಲಿ ಸ್ಯಾಂಡ್‌ಬಾಕ್ಸ್ ಇದೆ, ಮುಚ್ಚಿ ತೆಗೆದ್ರೆ ಹೊಚ್ಚ ಹೊಸ ವಿಂಡೋಸ್ ಸಿಗುತ್ತೆ, ಇದಕ್ಕೆ ಹೇಳಿ ಮಾಡಿಸಿದ್ದು. ಒಂದೇ ಕೊರತೆ, ಅದರೊಳಗಿನ ಯೂಸರ್ ಅಡ್ಮಿನ್ನೇ, ಸೋ ರೀಡ್‌ಓನ್ಲಿ ಥರದ ತೊಂದರೆ ಅಲ್ಲಿ ಕಾಣಿಸಲ್ಲ, ಅದಕ್ಕೆ ವರ್ಚುವಲ್ ಮಷೀನಲ್ಲಿ ಸಾಮಾನ್ಯ ಅಕೌಂಟ್ ಮಾಡಿ ಸ್ನ್ಯಾಪ್‌ಶಾಟ್ ಇಟ್ಕೊಂಡೆ. ಪ್ರತಿ ಎರಡು ಹಂತದ ನಡುವೆ ಟಾಸ್ಕ್ ಮ್ಯಾನೇಜರಲ್ಲಿ ಪ್ರೋಸೆಸ್ ಕೊಂದು ಮತ್ತೆ ತೆಗೆದು ನೋಡೋದು ಬೇಜಾರಿನ ಕೆಲಸ, ಆದ್ರೆ ಡೂಪ್ಲಿಕೇಟ್ ಸೇರ್ಸೋ ಹಂತದಲ್ಲಿ ಇಂಡೆಕ್ಸ್ ಟ್ರಾನ್ಸಾಕ್ಷನ್ ಹೊರಗೆ ಉಳಿದಿದ್ದು ಹೀಗೆ ಕೊಂದಾಗಲೇ ಸಿಕ್ಕಿದ್ದು.

ಮಂಡೀಲಿ ಈಗ ಅಡ್ಮಿನ್ ಟಿಕ್ ತೆಗೆದಾಗಿದೆ, ಪಾಸ್‌ವರ್ಡ್ ಚೀಟಿ ಕಿತ್ತಾಗಿದೆ. ಆಮೇಲಿನ ಅಪ್‌ಡೇಟ್‌ಗಳಲ್ಲಿ ಗುಮಾಸ್ತರಿಗೆ ಕಂಡಿದ್ದು ಆ ‘ಹೊಂದಿಸ್ತಾ ಇದೆ’ ಸಾಲು ಮಾತ್ರ. ಬಾಕಿ ಇರೋದು ತೂಕದ ರೂಮಿನ ಎರಡನೇ ಕಂಪ್ಯೂಟರ್. ಅದು ಶೇರ್ ಮಾಡಿದ ಫೋಲ್ಡರ್ ಮೂಲಕ ಇದೇ ಫೈಲನ್ನ ತೆಗೆಯುತ್ತೆ, ಅದರಲ್ಲಿ ಹಳೇ ಎಕ್ಸಿ ಉಳ್ಕೊಂಡು ಹೊಸ ಡೇಟಾ ತೆಗೆಯೋ ಸಾಧ್ಯತೆ ಇತ್ತು. ಈಗ ಫೈಲ್‌ನ ನಂಬರ್ ತನಗೆ ಗೊತ್ತಿರೋದಕ್ಕಿಂತ ದೊಡ್ಡದಿದ್ರೆ ಆ್ಯಪ್ ಏನೂ ಮುಟ್ಟದೆ ‘ಈ ಕಂಪ್ಯೂಟರಲ್ಲೂ ಹೊಸ ವರ್ಷನ್ ಹಾಕಿ’ ಅಂತ ನಿಲ್ಲುತ್ತೆ. ಆದ್ರೆ ನೆಟ್‌ವರ್ಕ್ ಶೇರ್ ಮೇಲೆ ಎಸ್‌ಕ್ಯೂಲೈಟ್ ಲಾಕಿಂಗ್ ನಂಬೋ ಹಾಗಿಲ್ಲ, ಬಿಗಿನ್ ಇಮ್ಮಿಡಿಯೇಟ್ ಕೂಡ ಅಲ್ಲಿ ಅಷ್ಟಕ್ಕಷ್ಟೇ, ಹಾಗಾಗಿ ಹಂತಗಳನ್ನ ಮುಖ್ಯ ಕಂಪ್ಯೂಟರ್ ಮಾತ್ರ ಓಡಿಸ್ಬೇಕು ಅಂತ ಸದ್ಯಕ್ಕೆ ಕಟ್ಟು ಹಾಕಿದೀನಿ. ಸರಿಯಾದ ಸರ್ವರ್ ಡೇಟಾಬೇಸ್‌ಗೆ ಹೋಗೋಣ ಅಂದಿದ್ದಕ್ಕೆ ಸಾಹುಕಾರ್ರು, "ಸೀಸನ್ ಮುಗೀಲಿ ತಡೀರಿ" ಅಂದಿದಾರೆ.